ಚಂದಾಪುರದ ಬಸ್ಸು, ಕಡಲಾಚೆಯ ವಾರ್ಡು

ಚಿಂಚೋಳಿಗೂ ಚಂದಾಪುರಕ್ಕೂ ನಡುವೆ ಇರುವುದು ಮುಲ್ಲಾಮಾರಿ ನದಿ. ಹೆಸರು ಎರಡಾದರೂ ಪುರಸಭೆಯ ಲೆಕ್ಕದಲ್ಲಿ ಊರು ಒಂದೇ. ಕಲಬುರಗಿಯಿಂದ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ. ತೆಲಂಗಾಣದ ತಾಂಡೂರು ಅದರ ಅರ್ಧದಷ್ಟೂ ಇಲ್ಲ. ಹೀಗಾಗಿ ಇಲ್ಲಿಯವರಿಗೆ ರಾಜಧಾನಿ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರದ ನೆಂಟ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ಐದೂ ಮಾತು ಕೇಳಿಸುತ್ತವೆ. ಒಬ್ಬ ವ್ಯಾಪಾರಿ ಒಂದೇ ತಕ್ಕಡಿಯಲ್ಲಿ ತೂಗುತ್ತ ಮೂರು ಭಾಷೆಯಲ್ಲಿ ದರ ಹೇಳುವುದು ಇಲ್ಲಿ ಸೋಜಿಗದ ಸಂಗತಿಯಲ್ಲ.

ಬೆಳಗಿನ ಬಸ್ಸಿಗೆ ಕಾಯುವವರನ್ನು ನೋಡಿದರೆ ಈ ನಾಡಿನ ಅರ್ಧ ಕಥೆ ತಿಳಿಯುತ್ತದೆ. ಒಂದು ಕಡೆ ಗಂಟುಮೂಟೆ, ಪಾತ್ರೆಯ ಚೀಲ, ಕಂಕುಳಲ್ಲಿ ಮಗು. ಅವರು ಗುಳೆ ಹೊರಟವರು. ಇನ್ನೊಂದು ಕಡೆ ಪ್ಲಾಸ್ಟಿಕ್ ಫೈಲಿನೊಳಗೆ ಅಂಕಪಟ್ಟಿಗಳನ್ನು ಎದೆಗವಚಿಕೊಂಡ ಹುಡುಗಿ, ಪಕ್ಕದಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡ ಅಪ್ಪ. ಅವಳು ನರ್ಸಿಂಗ್ ಕಾಲೇಜಿಗೆ ಹೊರಟವಳು. ಇಬ್ಬರೂ ಹತ್ತುವುದು ಒಂದೇ ಬಸ್ಸು. ನರ್ಸುಗಳು ಪರದೇಶಕ್ಕೆ ಏಕೆ ಹೋಗುತ್ತಾರೆ ಎಂದು ಕೇಳುವವರು ಸಾಮಾನ್ಯವಾಗಿ ವಿಮಾನ ನಿಲ್ದಾಣದಿಂದ ಪ್ರಶ್ನೆ ಶುರು ಮಾಡುತ್ತಾರೆ. ಆ ಪ್ರಯಾಣ ಶುರುವಾಗುವುದು ಅಲ್ಲಲ್ಲ, ಇಲ್ಲಿ.

ಗುಳೆ ಎಂಬ ಮಾತನ್ನು ಈ ಭಾಗದ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ, ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುವುದು ತಲೆಮಾರಿನ ರೂಢಿ. ಮಳೆಯನ್ನೇ ನಂಬಿದ ಹೊಲ, ವರ್ಷಕ್ಕೆ ಒಂದೇ ದೊಡ್ಡ ಬೆಳೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಹೆಸರು ಬಂತೆಂದು ಮಳೆ ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಜನ ಹಿಂದಿರುಗಿ ಬಂದಾಗ, ಊರು ಬಿಟ್ಟವರು ಎಷ್ಟಿದ್ದರು ಎಂಬುದು ಊರಿಗೇ ಮೊದಲ ಸಲ ಕಣ್ಣಿಗೆ ಕಂಡಿತು.

ಇಂಥ ಊರಲ್ಲಿ ಮಗಳು ನರ್ಸಿಂಗ್ ಓದುತ್ತೇನೆಂದರೆ ಮನೆಯವರು ಲೆಕ್ಕ ಹಾಕುವ ರೀತಿ ಬೇರೆ. ವೈದ್ಯಕೀಯ ಸೀಟು ಕೈಗೆಟುಕದ ದ್ರಾಕ್ಷಿ. ಎಂಜಿನಿಯರಿಂಗ್ ಮುಗಿಸಿದವನು ಮನೆಯಲ್ಲಿ ಕೂತ ಉದಾಹರಣೆ ಪಕ್ಕದ ಓಣಿಯಲ್ಲೇ ಉಂಟು. ಬಿಎಸ್‌ಸಿ ನರ್ಸಿಂಗ್ ಆದರೆ ನಾಲ್ಕು ವರ್ಷ, ಜಿಎನ್ಎಂ ಆದರೆ ಮೂರು. ಮುಗಿದ ಮೇಲೆ ಯಾವುದಾದರೊಂದು ಆಸ್ಪತ್ರೆಯಲ್ಲಿ ಕೆಲಸವಂತೂ ಸಿಗುತ್ತದೆ. ‘ಕೈಯಾಗ ಒಂದು ವಿದ್ಯಾ ಇದ್ರ ಎಲ್ಲಿ ಹೋದ್ರೂ ಉಪವಾಸ ಬೀಳಾಂಗಿಲ್ಲ’ ಎಂಬುದು ಅವ್ವಂದಿರ ಮಾತು. ಅದು ತಪ್ಪೂ ಅಲ್ಲ.

ಚಂದಾಪುರದಿಂದ ಸುಲೇಪೇಟ ದಾಟಿ ಸೇಡಂ ಕಡೆಗೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಚಿಂಚೋಳಿಯ ಸುತ್ತ ಕುರುಚಲು ಕಾಡು, ಕೆಂಪು ಜಂಬಿಟ್ಟಿಗೆ ಗುಡ್ಡ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಅಲ್ಲಿಯದು. ಒಣಭೂಮಿಯ ನಡುವೆ ಇಂಥ ಕಾಡು ದಕ್ಷಿಣದಲ್ಲಿ ಅಪರೂಪ. ಮುಂದೆ ಹೋದಂತೆ ಕಪ್ಪು ಎರೆಮಣ್ಣು, ಅದರಡಿಯಲ್ಲಿ ಪದರ ಪದರವಾಗಿ ಸುಣ್ಣಕಲ್ಲು. ಹಾಸಿಗೆಯ ಹಾಗೆ ಒಂದರ ಮೇಲೊಂದು ಮಲಗಿರುವ ಈ ಕಲ್ಲು ಒಂದು ಕಾಲದ ಸಮುದ್ರತಳ. ಭೀಮಾ ಕೊಳ್ಳದ ಶಿಲೆಗಳೆಂದು ಭೂವಿಜ್ಞಾನಿಗಳು ಕರೆಯುತ್ತಾರೆ. ಅದನ್ನೇ ಸೀಳಿ ಮಾಡಿದ ಶಹಾಬಾದಿ ಫರಸಿ ಮುಂಬೈಯ ಚಾಳುಗಳಿಂದ ಹಿಡಿದು ಎಷ್ಟೋ ರೈಲು ನಿಲ್ದಾಣಗಳ ನೆಲವಾಯಿತು. ಪುಡಿ ಮಾಡಿ ಸುಟ್ಟರೆ ಸಿಮೆಂಟು. ವಾಡಿ, ಸೇಡಂ, ಮಳಖೇಡ, ಚಿಂಚೋಳಿ, ಎಲ್ಲ ಕಡೆಯೂ ಕಾರ್ಖಾನೆಯ ಗೋಪುರಗಳು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿ ದಶಕಗಳೇ ಆದವು.

ಆದರೆ ಈ ಗೋಪುರಗಳ ಕೆಳಗೆ ಹೆಣ್ಣುಮಕ್ಕಳಿಗೆ ಕೆಲಸವೆಷ್ಟು? ಬೆರಳೆಣಿಕೆ. ಕಲ್ಲಿನ ಗಣಿಯಲ್ಲಿ ಕೂಲಿ ಸಿಗಬಹುದು. ಪಿಯುಸಿ ವಿಜ್ಞಾನ ಓದಿದ ಹುಡುಗಿಗೆ ಅದು ಉತ್ತರವಲ್ಲ.

ಇತಿಹಾಸವೂ ಇಲ್ಲಿ ಒಂದು ತಮಾಷೆ ಮಾಡುತ್ತದೆ. ಕಾಗಿಣಾ ನದಿಯ ದಂಡೆಯ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿಯ ಶಾಸನಗಳಲ್ಲಿ ವಿದ್ಯಾರ್ಥಿಗಳ ಊಟ ವಸತಿ, ಉಪಾಧ್ಯಾಯರ ಜೀವಿತ, ಗ್ರಂಥ ಭಂಡಾರದ ಮಾತೂ ಬರುತ್ತದೆ. ಆಗ ಓದಲು ಹೊರಗಿನವರು ಇಲ್ಲಿಗೆ ಬರುತ್ತಿದ್ದರು. ಈಗ ಓದಿದವರು ಇಲ್ಲಿಂದ ಹೋಗುತ್ತಾರೆ. ನಾಗಾವಿಯ ಕಂಬಗಳನ್ನು ನೋಡಲು ಶಾಲೆಯ ಪ್ರವಾಸವಾದರೂ ಹೋಗುವುದು ಒಳ್ಳೆಯದು. ಎಲ್ಲ ಮಕ್ಕಳೂ ಹಂಪಿಗೇ ಏಕೆ ಹೋಗಬೇಕು?

ಸೇಡಂನಲ್ಲಿ ರೈಲು ಸಿಗುತ್ತದೆ. ನಿಜಾಮರ ಸರಕಾರ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿಸಿದ ಹಳಿಯ ಮೇಲಿನ ನಿಲ್ದಾಣ ಇದು. ಮಳಖೇಡ ರೋಡ್, ಚಿತ್ತಾಪುರ ದಾಟಿದರೆ ವಾಡಿ ಜಂಕ್ಷನ್. ಒಂದು ಹಳಿ ಮುಂಬೈಗೆ, ಒಂದು ರಾಯಚೂರು ಕಡೆಯಿಂದ ಚೆನ್ನೈ ಬೆಂಗಳೂರಿಗೆ, ಇನ್ನೊಂದು ಹೈದರಾಬಾದಿಗೆ. ನಡುರಾತ್ರಿಯಲ್ಲೂ ಎಚ್ಚರವಾಗಿರುವ ನಿಲ್ದಾಣ. ಈ ನಾಡಿನ ನರ್ಸುಗಳ ಕಥೆಯೂ ಇಲ್ಲಿಯೇ ಕವಲೊಡೆಯುತ್ತದೆ. ಚಂದಾಪುರದಿಂದ ನೇರವಾಗಿ ಲಂಡನ್ನಿಗೆ ಹಾರಿದವರು ವಿರಳ. ಮೊದಲ ಹೆಜ್ಜೆ ಕಲಬುರಗಿ, ಎರಡನೆಯದು ಹೈದರಾಬಾದು ಅಥವಾ ಬೆಂಗಳೂರು, ಆಮೇಲೆ ಕೊಲ್ಲಿಯ ದೇಶ, ಅಲ್ಲಿಂದ ಯುರೋಪು. ಮೆಟ್ಟಿಲು ಮೆಟ್ಟಿಲಾಗಿ ಏರುವ ವಲಸೆ ಇದು. ಪ್ರತಿ ಮೆಟ್ಟಿಲಲ್ಲೂ ‘ಇಲ್ಲೇ ನಿಲ್ಲೋಣ’ ಎನ್ನುವುದಕ್ಕೆ ಕಾರಣ ಸಿಕ್ಕಿದ್ದರೆ ಹಲವರು ಅಲ್ಲೇ ನಿಲ್ಲುತ್ತಿದ್ದರು.

ಏಕೆ ನಿಲ್ಲುವುದಿಲ್ಲ? ಸಂಬಳ ಎಂದು ಒಂದೇ ಮಾತಿನಲ್ಲಿ ಹೇಳುವುದು ಸುಲಭ. ಸಂಬಳದ ಮಾತನ್ನೇ ಮೊದಲು ಮುಗಿಸೋಣ. ಖಾಸಗಿ ಆಸ್ಪತ್ರೆಗಳ ನರ್ಸುಗಳ ದುಃಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಕೇಂದ್ರ ಸರಕಾರಕ್ಕೆ ಸಮಿತಿ ರಚಿಸಲು ಹೇಳಿತು. ಸಮಿತಿ ಕೊಟ್ಟ ಸಲಹೆ ಸ್ಪಷ್ಟವಾಗಿತ್ತು: 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯಲ್ಲಿ ಸರಕಾರಿ ನರ್ಸಿನಷ್ಟೇ ಸಂಬಳ; 100ರಿಂದ 200 ಹಾಸಿಗೆಯದಾದರೆ ಅದಕ್ಕಿಂತ ಶೇ 10ಕ್ಕೆ ಮೀರದಷ್ಟು ಕಡಿಮೆ; 50ರಿಂದ 100 ಆದರೆ ಶೇ 25; ಅದಕ್ಕೂ ಚಿಕ್ಕದರಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ ರೂಪಾಯಿ. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ಕನಿಷ್ಠ ವೇತನ ಆ ಮಟ್ಟಕ್ಕೆ ಬಂತು. ಉಳಿದ ಕಡೆ ಸಲಹೆ ಬಹುಮಟ್ಟಿಗೆ ಸಲಹೆಯಾಗಿಯೇ ಉಳಿಯಿತು. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಆ 20 ಸಾವಿರವೂ ಕನಸು.

ಸರಕಾರಿ ಹುದ್ದೆ ಸಿಕ್ಕವರ ಮಾತು ಬೇರೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲಾತಿ ದೊರೆಯಿತು. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಇಎಸ್ಐಸಿ ವೈದ್ಯಕೀಯ ಕಾಲೇಜು ಬಂದವು. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಅದರ ಹಾಸಿಗೆಗಳ ಸಂಖ್ಯೆ 371 ಎಂಬುದನ್ನು ಜನ ನಗುತ್ತಲೇ ಗುರುತಿಸಿದರು. ಇಂಥ ಕಡೆ ಕಾಯಂ ಶುಶ್ರೂಷಾಧಿಕಾರಿಯಾದವಳು ವಿಮಾನ ಹತ್ತುವ ಯೋಚನೆ ಮಾಡುವುದು ಕಡಿಮೆ. ಆದರೆ ಕಾಯಂ ಹುದ್ದೆಯ ಅಧಿಸೂಚನೆ ವರ್ಷಗಟ್ಟಲೆ ಕಾಯಿಸುತ್ತದೆ. ಅಲ್ಲಿಯವರೆಗೆ ಗುತ್ತಿಗೆ. ಅದೇ ವಾರ್ಡು, ಅದೇ ಸೂಜಿ, ಅದೇ ರಾತ್ರಿಪಾಳಿ. ಪಕ್ಕದ ಕಾಯಂ ಸಿಸ್ಟರಿಗೆ ಒಂದು ಸಂಬಳ, ಇವಳಿಗೆ ಇನ್ನೊಂದು.

ಇನ್ನು ಸಂಬಳಕ್ಕೆ ಹೊರತಾದ ಕಾರಣ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸು, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಇರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಾಮಾನ್ಯ ವಾರ್ಡಿಗೆ ಕಾನೂನು ವಿಧಿಸಿರುವುದೂ ಐದಕ್ಕೆ ಒಬ್ಬರನ್ನೇ! ಅಂದರೆ ಕಾಗದದ ಮೇಲೆ ಎರಡೂ ಕಡೆ ಒಂದೇ. ಅಲ್ಲಿ ಆರನೆಯ ರೋಗಿಯನ್ನು ಒಪ್ಪಿಸಿದರೆ ನರ್ಸು ಕಾನೂನಿನ ಹೆಸರು ಹೇಳಿ ದೂರಬಹುದು. ಇಲ್ಲಿ ಮೂವತ್ತು ರೋಗಿಗಳ ವಾರ್ಡಿಗೆ ರಾತ್ರಿ ಒಬ್ಬಳೇ ಇದ್ದರೆ, ‘ಸಿಸ್ಟರ್, ಎಷ್ಟೊತ್ತಾತ್ರಿ ಕರೀಲಿಕ್ಕತ್ತು’ ಎಂದು ರೋಗಿಯ ಕಡೆಯವರಿಂದ ಬೈಸಿಕೊಳ್ಳುವವಳೂ ಅವಳೇ. ನಾಲ್ಕು ವರ್ಷ ಶರೀರಶಾಸ್ತ್ರ, ಔಷಧಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರ ಓದಿದವಳನ್ನು ಬರಿಯ ಇಂಜೆಕ್ಷನ್ ಕೊಡುವ ಕೈ ಎಂದು ನೋಡುವುದು ಅವಳಿಗೆ ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸಿಗೆ ತಾಗುವ ವಿಷಯ. ಪರದೇಶದ ಆಸ್ಪತ್ರೆಯಲ್ಲಿ ರೋಗಿಯ ಸ್ಥಿತಿಯ ಬಗ್ಗೆ ನರ್ಸಿನ ಅಭಿಪ್ರಾಯ ಕೇಳುತ್ತಾರೆ, ಮುಂದೆ ಓದಿ ವಿಶೇಷ ಶಾಖೆಯಲ್ಲಿ ಮೇಲೇರಬಹುದು ಎಂಬ ಮಾತು ಹಾಸ್ಟೆಲ್ಲುಗಳಲ್ಲಿ ಬಾಯಿಂದ ಬಾಯಿಗೆ ಹರಡುತ್ತದೆ.

ಇಷ್ಟೆಲ್ಲ ಕಾರಣವಿದ್ದರೂ ಎಲ್ಲರೂ ಹೋಗುವುದಿಲ್ಲ. ಪ್ರೌಢಶಾಲೆಯ ಮಕ್ಕಳು ಅಭಿಸರಣದ ಪಾಠ ಓದಿರುತ್ತಾರೆ. ಎರಡು ದ್ರಾವಣಗಳ ನಡುವೆ ಒಂದು ಪೊರೆ. ಅದು ಕೆಲವನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಇಲ್ಲಿ ಆ ಪೊರೆಯ ಹೆಸರು ಇಂಗ್ಲಿಷ್. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ ಪರೀಕ್ಷೆಯ ಓದು, ಆಲಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಅಂಕ ಕೇಳುತ್ತದೆ. ಆಸ್ಪತ್ರೆಯ ಸಂದರ್ಭಕ್ಕೆಂದೇ ರೂಪಿಸಿದ ಒಇಟಿ ಇನ್ನೊಂದು ದಾರಿ. ಅಮೆರಿಕಕ್ಕೆ ಎನ್‌ಸಿಎಲ್‌ಇಎಕ್ಸ್ ಬರೆಯಬೇಕು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆಯನ್ನು ಇನ್ನೂ ಕಠಿಣ ಮಾಡುವ ಕಂಪ್ಯೂಟರ್ ಪರೀಕ್ಷೆ ಅದು. ಜರ್ಮನಿಗಾದರೆ ಜರ್ಮನ್ ಭಾಷೆಯಲ್ಲೇ ಬಿ2 ಮಟ್ಟ ಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿನ ಜೀವಶಾಸ್ತ್ರಕ್ಕೆ ಬಿದ್ದ ಚಂದಾಪುರದ ಹುಡುಗಿಗೆ ರೋಗಿಯ ನಾಡಿ ಹಿಡಿಯುವುದು ಕಷ್ಟವಲ್ಲ. ಆ ಬರವಣಿಗೆಯ 6.5 ಕಷ್ಟ. ಆದರೆ ಸಂತೆಯಲ್ಲಿ ಕಲಿತ ಆ ನಾಲ್ಕೈದು ಭಾಷೆಗಳನ್ನು ಕಡೆಗಣಿಸಬಾರದು. ಉರ್ದು, ಹಿಂದಿ ಬಲ್ಲ ನರ್ಸಿಗೆ ಕೊಲ್ಲಿಯ ಆಸ್ಪತ್ರೆಗಳಲ್ಲಿ ದಕ್ಷಿಣ ಏಷ್ಯಾದ ಕೂಲಿಕಾರ ರೋಗಿಗಳ ಜತೆ ಮಾತಾಡಲು ಕಷ್ಟವೇ ಇಲ್ಲ. ಐದನೆಯದನ್ನು ಕಲಿತ ನಾಲಿಗೆ ಆರನೆಯದನ್ನೂ ಕಲಿಯಬಲ್ಲದು.

ಈ ಹಾದಿಯನ್ನು ಮೊದಲು ಸವೆಸಿದವರು ಕೇರಳದವರು. 1970ರ ದಶಕದಲ್ಲಿ ಕೊಲ್ಲಿಯಲ್ಲಿ ತೈಲದ ಹಣ ಹರಿದಾಗ ಆಸ್ಪತ್ರೆಗಳು ಎದ್ದವು, ನರ್ಸುಗಳು ಹೋದರು. ಅಮೆರಿಕಕ್ಕೆ ಹೋದ ಕೇರಳದ ನರ್ಸುಗಳ ಮನೆಗಳಲ್ಲಿ ಹೆಂಡತಿ ಮೊದಲು ಹೋಗಿ, ಗಂಡ ಆಮೇಲೆ ಅವಳ ಆಶ್ರಿತನಾಗಿ ಸೇರಿಕೊಂಡಾಗ ಸಂಸಾರದ ತಕ್ಕಡಿ ಹೇಗೆ ಮೇಲೆ ಕೆಳಗೆ ಆಯಿತೆಂಬುದನ್ನು ಶೀಬಾ ಜಾರ್ಜ್ ಎಂಬ ಸಮಾಜಶಾಸ್ತ್ರಜ್ಞೆ 2005ರಲ್ಲಿ ಪುಸ್ತಕವಾಗಿಯೇ ಬರೆದರು. ಕರ್ನಾಟಕದ ಕರಾವಳಿಯವರೂ ಹಿಂದೆ ಬೀಳಲಿಲ್ಲ. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆಂಬುದು 2023ರ ಅಕ್ಟೋಬರಿನ ಯುದ್ಧ ಶುರುವಾದಾಗ ರಾಜ್ಯಕ್ಕೆಲ್ಲ ತಿಳಿಯಿತು. ಅಲ್ಲಿ ಅಕ್ಕ ಹೋಗಿ ತಂಗಿಯನ್ನು ಕರೆಸಿಕೊಂಡಳು, ತಂಗಿ ನೆರೆಮನೆಯವಳನ್ನು. ಕಲ್ಯಾಣ ಕರ್ನಾಟಕದಲ್ಲಿ ಆ ಸರಪಳಿಯ ಮೊದಲ ಕೊಂಡಿಗಳು ಈಗಷ್ಟೇ ಬೀಳುತ್ತಿವೆ. ಕೇಳಲು ಒಬ್ಬ ಅಕ್ಕ ಇಲ್ಲದ ಊರಲ್ಲಿ ಹುಡುಗಿ ಕೇಳುವುದು ಏಜೆಂಟನನ್ನು.

ಅಪ್ಪ ಅವ್ವಂದಿರು ಕಿವಿಗೊಡಬೇಕಾದ ಭಾಗ ಇದು. 2015ರಲ್ಲಿ ಕೊಚ್ಚಿಯಲ್ಲಿ ಬಯಲಾದ ಕುವೈತ್ ನೇಮಕಾತಿ ಹಗರಣದಲ್ಲಿ 19,500 ರೂಪಾಯಿ ಶುಲ್ಕ ಪಡೆಯಬೇಕಾದಲ್ಲಿ ಒಬ್ಬೊಬ್ಬ ನರ್ಸಿನಿಂದ ಹತ್ತೊಂಬತ್ತೂವರೆ ಲಕ್ಷ ವಸೂಲಿ ಮಾಡಿದ್ದರೆಂಬ ಆರೋಪವಿತ್ತು. ಎರಡು ಸೊನ್ನೆ ಹೆಚ್ಚು, ಅಷ್ಟೆ! ಅದಕ್ಕೂ ಹಿಂದಿನ ವರ್ಷ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದ 46 ಭಾರತೀಯ ನರ್ಸುಗಳು 2014ರ ಜುಲೈ 5ರಂದು ಕೊಚ್ಚಿಗೆ ಮರಳಿದರು. ಸಾಲ ತೀರಿಲ್ಲವೆಂದು ಯುದ್ಧದ ನಡುವೆಯೂ ಹಿಂದಿರುಗಲು ಹಿಂಜರಿದವರು ಅವರಲ್ಲಿದ್ದರು. ಇವೆರಡರ ಬಳಿಕ 2015ರಲ್ಲಿ ಕೇಂದ್ರ ಸರಕಾರ, ಕೊಲ್ಲಿ ಸೇರಿದಂತೆ 18 ದೇಶಗಳಿಗೆ ನರ್ಸುಗಳ ನೇಮಕಾತಿ ಸರಕಾರಿ ಸಂಸ್ಥೆಗಳ ಮೂಲಕ, ಇ–ಮೈಗ್ರೇಟ್ ವ್ಯವಸ್ಥೆಯಲ್ಲಿ ನಡೆಯಬೇಕೆಂದು ವಿಧಿಸಿತು. ಕೇರಳಕ್ಕೆ ನೋರ್ಕಾ, ಒಡೆಪೆಕ್ ಎಂಬ ಸಂಸ್ಥೆಗಳುಂಟು, ತೆಲಂಗಾಣಕ್ಕೆ ಟಾಮ್‌ಕಾಮ್, ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ಚಂದಾಪುರದವರು ಮೊದಲು ಬಾಗಿಲು ತಟ್ಟಬೇಕಾದದ್ದು ಅಲ್ಲಿ. ಹೊಲ ಅಡವಿಡುವ ಮೊದಲು ಏಜೆಂಟನ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚವೇನಿಲ್ಲ. ಕಾಲೇಜು ಸೇರುವ ಮೊದಲೇ ಅದರ ಮಾನ್ಯತೆ ಕೇಳುವುದೂ ಅಷ್ಟೇ ಮುಖ್ಯ. ರಾಜ್ಯದ ನರ್ಸಿಂಗ್ ಕಾಲೇಜುಗಳಿಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಬೇಕೇ ಬೇಡವೇ ಎಂಬ ವಿವಾದ 2017ರಲ್ಲಿ ಎದ್ದಾಗ, ಹೊರಗೆ ಹೋಗುವ ಆಸೆಯಿಂದ ಸೇರಿದ್ದ ಮಕ್ಕಳು ಪೇಚಿಗೆ ಸಿಲುಕಿದ್ದರು.

ಬಾಗಿಲುಗಳೂ ಸದಾ ತೆರೆದಿರುವುದಿಲ್ಲ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಯಲ್ಲಿ ಹೊಸ ನರ್ಸಿನ ವಾರ್ಷಿಕ ಸಂಬಳ 2025–26ರಲ್ಲಿ ಸುಮಾರು 31 ಸಾವಿರ ಪೌಂಡು. ರೂಪಾಯಿಗೆ ಗುಣಿಸಿದರೆ 35 ಲಕ್ಷ ದಾಟುತ್ತದೆ. ಊರಲ್ಲಿ ಬಾಯಿಂದ ಬಾಯಿಗೆ ಓಡುವುದು ಈ ಅಂಕಿಯೇ. ಗುಣಾಕಾರವನ್ನು ಒಂದೇ ಕಡೆ ಮಾಡಬಾರದು. ಮನೆ ಬಾಡಿಗೆ, ತೆರಿಗೆ, ಚಳಿಗಾಲದ ವಿದ್ಯುತ್ ಬಿಲ್ಲು ಬರುವುದೂ ಪೌಂಡಿನಲ್ಲೇ. ಅದಕ್ಕಿಂತ ಮುಖ್ಯವಾಗಿ, ಕೋವಿಡ್ಡಿನ ನಂತರ ಎರಡೂ ಕೈಯಿಂದ ಕರೆದ ಆ ದೇಶದಲ್ಲಿ 2025ರಲ್ಲಿ ಹೊರದೇಶದಿಂದ ಹೊಸದಾಗಿ ಸೇರುವ ನರ್ಸುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಅರ್ಧದಷ್ಟು ಕುಸಿಯಿತು. ಅಮೆರಿಕದ ಹಸಿರು ಕಾರ್ಡಿಗೆ ಭಾರತೀಯರ ಸರದಿ ಹತ್ತು ವರ್ಷಕ್ಕೂ ಉದ್ದ. ಇಂದು ಪಿಯುಸಿಗೆ ಸೇರುವ ಮಗು ನರ್ಸಾಗಿ ಅನುಭವ ಪಡೆಯಲು ಕಡಿಮೆಯೆಂದರೂ ಎಂಟು ವರ್ಷ ಬೇಕು. ಆಗ ಯಾವ ಬಾಗಿಲು ತೆರೆದಿರುತ್ತದೆಂದು ಯಾವ ಏಜೆಂಟನೂ ಹೇಳಲಾರ. ಹಾಗೆಂದು ಬೇಡಿಕೆ ಬತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಲೋಕದಲ್ಲಿ 2.98 ಕೋಟಿ ನರ್ಸುಗಳಿದ್ದಾರೆ, ಆದರೂ 58 ಲಕ್ಷದ ಕೊರತೆ. ಏಳು ಜನ ನರ್ಸುಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದಲ್ಲಿಲ್ಲ. ಶ್ರೀಮಂತ ದೇಶಗಳಿಗೆ ವಯಸ್ಸಾಗುತ್ತಿದೆ. ಅಲ್ಲಿಯ ಮುದುಕರನ್ನು ಎಬ್ಬಿಸಿ ಕೂರಿಸಲು ಕೈಗಳು ಬೇಕು.

ಹಾಗಾದರೆ ಇಲ್ಲಿಯ ಮುದುಕರು? ಈ ಪ್ರಶ್ನೆ ಕೇಳಲು ಕಲಬುರಗಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿದೆ. ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಸಂಭವಿಸಿದ್ದು ಇದೇ ಜಿಲ್ಲೆಯ, ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರದು. ಅದು ಕೋವಿಡ್ ಎಂದು ಖಚಿತವಾದದ್ದು ಎರಡು ದಿನದ ಮೇಲೆ. ಹೆಸರೇ ಹೊಸದಾದ ರೋಗದೆದುರು ಜಿಲ್ಲೆಯ ವಾರ್ಡುಗಳಲ್ಲಿ ನಿಂತವರಲ್ಲಿ ತಿಂಗಳ ಕೊನೆಗೆ ಸಂಬಳಕ್ಕೆ ಕಾಯುವ ಗುತ್ತಿಗೆ ನರ್ಸುಗಳೂ ಇದ್ದರು. ಚಪ್ಪಾಳೆ ತಟ್ಟಿದ್ದು ದೇಶ ಮರೆತಿಲ್ಲ. ಆ ಚಪ್ಪಾಳೆಯಿಂದ ಗುತ್ತಿಗೆ ಕಾಯಂ ಆಗಲಿಲ್ಲ ಎಂಬುದನ್ನು ಅವರೂ ಮರೆತಿಲ್ಲ. ಹೋದವರನ್ನು ಸ್ವಾರ್ಥಿಗಳೆನ್ನುವವರು ಇದನ್ನು ಒಮ್ಮೆ ನೆನೆಯಬೇಕು. ಹೆರಿಗೆ ನೋವಿನಲ್ಲಿ ತಾಂಡಾದಿಂದ ತಾಲ್ಲೂಕು ಆಸ್ಪತ್ರೆಗೆ ಬಂದವಳಿಗೆ ಬೇಕಾದದ್ದು ಅನುಭವಸ್ಥ ನರ್ಸು, ಅದೂ ಸುಳ್ಳಲ್ಲ. ಎರಡೂ ನಿಜವಾದ್ದರಿಂದಲೇ ಈ ವಿಷಯ ಮನೆಯ ಊಟದ ತಟ್ಟೆಯ ಮುಂದೆ ಜಗಳವಾಗುತ್ತದೆ.

ಮಗಳು ಕಳಿಸಿದ ಹಣದಿಂದ ಮೊದಲು ತೀರುವುದು ಸಾಲ, ಆಮೇಲೆ ತಮ್ಮನ ಫೀಸು, ಆಮೇಲೆ ಮನೆಗೆ ಹೊಸ ಫರಸಿ. ಅವಳ ಮದುವೆಯ ಮಾತೂ ಬದಲಾಗುತ್ತದೆ. ‘ರಾತ್ರಿ ಡ್ಯೂಟಿ ಮಾಡೋ ಹುಡುಗಿ ಬ್ಯಾಡ’ ಎಂದು ಮೂಗು ಮುರಿದಿದ್ದ ಬೀಗರೇ ಪಾಸ್‌ಪೋರ್ಟಿನ ವಿಚಾರ ಕೇಳಿಕೊಂಡು ಬರುತ್ತಾರೆ. ಅವ್ವ ಮಾತ್ರ ಗಡಿಯಾರದ ಹೊಸ ಲೆಕ್ಕ ಕಲಿಯಬೇಕಾಗುತ್ತದೆ. ಸೌದಿ ಆದರೆ ಎರಡೂವರೆ ತಾಸು ಹಿಂದೆ; ಇಂಗ್ಲೆಂಡ್ ಆದರೆ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಲ್ಲಿ ರಾತ್ರಿ ಎಂಟಕ್ಕೆ ಹಗಲುಪಾಳಿ ಮುಗಿಸಿ, ಯಾರದೋ ಅಪ್ಪನಿಗೆ ಗುಳಿಗೆ ನುಂಗಿಸಿ, ಮಗ್ಗುಲು ಬದಲಿಸಿ ಮಲಗಿಸಿ ಹೊರಬಂದ ಮಗಳು ಫೋನ್ ಹಚ್ಚಿದರೆ ಚಂದಾಪುರದಲ್ಲಿ ರಾತ್ರಿ ಒಂದೂವರೆ. ಅಪ್ಪ ಎದ್ದು ಕೂತಿರುತ್ತಾನೆ. ಬಿ.ಪಿ. ಗುಳಿಗೆ ನುಂಗಿದಿಯಾ ಎಂದು ಅವಳು ಕೇಳುತ್ತಾಳೆ. ನುಂಗೀನಿ ಎನ್ನುತ್ತಾನೆ. ಚೀಟಿ ತೋರಿಸು, ಪಟ್ಟಿಯಲ್ಲಿ ಎಷ್ಟು ಉಳಿದಾವ ಎಣಿಸು ಎಂದು ಅವಳು ಬಿಡದೆ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಅವ್ವ ಫೋನ್ ಕಸಿದುಕೊಂಡು, ಓಣಿಯ ಇನ್ನೊಂದು ಹುಡುಗಿ ನಾಳೆ ಮುಂಜಾನೆ ಬಸ್ಸಿಗೆ ಕಲಬುರಗಿಗೆ ಹೊಂಟಾಳ, ಅದೇ ನಿನ್ನ ಕಾಲೇಜಿಗೆ, ಎಂದು ಹೇಳುತ್ತಾಳೆ.